ಗೆಳೆಯನ ಸಾವು ತೋರಿಸಿದಿರಿ, ಗೇಮಿನ ಸ್ಥಿತಿ ಮುಚ್ಚಿಟ್ಟಿರಿ: ಸಿಡಿ ಪ್ರೊಜೆಕ್ಟ್ ರೆಡ್‌ಗೆ ಒಂದು ಬಹಿರಂಗ ಪತ್ರ

ಸಿಡಿ ಪ್ರೊಜೆಕ್ಟ್ ರೆಡ್ ಸಂಸ್ಥೆಯ ಮುಖ್ಯಸ್ಥರಿಗೆ,
ವಾರ್ಸಾ, ಪೋಲೆಂಡ್

ಮಾನ್ಯರೇ,

ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ಓದುವಷ್ಟು ಕನ್ನಡ ನಿಮಗೆ ಬರುವುದಿಲ್ಲ ಎಂಬುದು ಗೊತ್ತು. ಮಗಳನ್ನು ಬೈದು ಸೊಸೆಗೆ ಕೇಳಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ನಿಮ್ಮ ಗೇಮ್‌ಗಳಿಗೆ ದುಡ್ಡು ಕೊಡುವ ಕನ್ನಡದ ಹುಡುಗ ಹುಡುಗಿಯರು ಸಾಕಷ್ಟಿದ್ದಾರೆ, ಅವರ ಕಿವಿಗೆ ಬಿದ್ದರೂ ನನ್ನ ಕೆಲಸ ಅರ್ಧ ಆದಂತೆ.

ನೀವೂ ಬೆಳೆದದ್ದು ನಿಮ್ಮ ಭಾಷೆಯ ಬಲದಿಂದಲೇ. 1994ರಲ್ಲಿ ಶುರುವಾದ ನಿಮ್ಮ ಕಂಪನಿ ಮೊದಲು ಮಾಡುತ್ತಿದ್ದದ್ದು ಹೊರದೇಶದ ಗೇಮ್‌ಗಳ ಮಾರಾಟ. 1999ರಲ್ಲಿ 'ಬಾಲ್ಡರ್ಸ್ ಗೇಟ್' ಅನ್ನು ಪೋಲಿಷ್‌ಗೆ ತಂದಿರಿ, ಹೆಸರಾಂತ ನಟರಿಂದ ದನಿ ಕೊಡಿಸಿದಿರಿ. ನಿಮ್ಮ ಊರಿನ ಸಂತೆಗಳಲ್ಲಿ ಆಗ ಕಳ್ಳ ಪ್ರತಿಗಳದ್ದೇ ಕಾರುಬಾರು. ಅಂಥಾದ್ದರಲ್ಲಿ ಡಬ್ಬಿಯೊಳಗೆ ಭೂಪಟ, ನಿಯಮಗಳ ಪುಸ್ತಕ, ಸಂಗೀತದ ಸಿ.ಡಿ. ಎಲ್ಲ ತುಂಬಿ ಕೊಟ್ಟಿರಿ. ಕೊಟ್ಟ ದುಡ್ಡಿಗೆ ಏನು ಬರುತ್ತದೆ ಎಂದು ಜನ ಕೈಯಲ್ಲಿ ಹಿಡಿದು ನೋಡಿದರು, ಕೊಂಡರು. ಆ ಡಬ್ಬಿಯ ನೆನಪು ನಿಮಗೆ ಇನ್ನೂ ಇದೆ ಎಂದುಕೊಂಡೇ ಈ ಮಾತು.

ಈಗ ರಾಕ್ಷಸರನ್ನು ಬೇಟೆಯಾಡುವವರ ಕಥೆಯ ನಿಮ್ಮ ಗೇಮ್ ಸರಣಿಯ ನಾಲ್ಕನೆಯದು, 'ದಿ ವಿಚರ್ 4', ತಯಾರಾಗುತ್ತಿದೆ. 2024ರ ಡಿಸೆಂಬರ್‌ನಲ್ಲಿ ಆರು ನಿಮಿಷದ ಟ್ರೇಲರ್ ಬಿಟ್ಟಿರಿ. 2025ರ ಜೂನ್‌ನಲ್ಲಿ ಗೇಮ್ ಕಟ್ಟುವ ತಂತ್ರಾಂಶವಾದ ಅನ್‌ರಿಯಲ್ ಎಂಜಿನ್‌ನ ವೇದಿಕೆಯಲ್ಲಿ ಗೇಮಿನ ಕೋವಿರ್ ಸೀಮೆಯ ಒಂದು ಬಂದರು ಪಟ್ಟಣ, ನಾಯಕಿ ಸಿರಿಯ ಕುದುರೆ, ಸಂತೆಯ ಗದ್ದಲ ಎಲ್ಲ ತೋರಿಸಿದಿರಿ. 2026ರ ಕೊನೆಯವರೆಗೂ ಗೇಮ್ ಬರುವುದಿಲ್ಲ ಎಂದು ನೀವೇ ಹೇಳಿದ್ದೀರಿ. ಎಂದರೆ ನಮಗೆ ತೋರಿಸುವ ಕೆಲಸ ಈಗಷ್ಟೇ ಶುರು. ಯಾವುದನ್ನು ತೋರಿಸಬೇಕು, ಯಾವುದನ್ನು ಬಚ್ಚಿಡಬೇಕು ಎಂದು ನೀವು ತೀರ್ಮಾನಿಸುತ್ತಿರುವ ಹೊತ್ತಿದು. ಹಾಗಾಗಿಯೇ ಹಳೆಯ ಲೆಕ್ಕವೊಂದನ್ನು ತೆಗೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

2019ರ ಜೂನ್ 9. ಲಾಸ್ ಏಂಜಲೀಸ್‌ನ ಗೇಮ್ ಪ್ರದರ್ಶನದ ವೇದಿಕೆಗೆ ಹಾಲಿವುಡ್ ನಟ ಕಿಯಾನು ರೀವ್ಸ್ ನಡೆದು ಬಂದ ದಿನ. ಜಗತ್ತು ಅವರನ್ನು ನೆನಪಿಟ್ಟುಕೊಂಡಿತು. ನನಗೆ ನೆನಪಿರುವುದು ಅವರು ಬರುವ ಮುಂಚೆ ಓಡಿದ ನಿಮ್ಮ 'ಸೈಬರ್‌ಪಂಕ್ 2077' ಗೇಮಿನ ಟ್ರೇಲರ್. ಅದರಲ್ಲಿ ಏನಿತ್ತು? ದೊಡ್ಡ ಕಳ್ಳತನವೊಂದು ಎಡವಟ್ಟಾಗುತ್ತದೆ. ನಾಯಕನ ಜೀವದ ಗೆಳೆಯ ಜ್ಯಾಕಿ ಕಾರಿನಲ್ಲಿ ರಕ್ತ ಸುರಿಸುತ್ತ ಸಾಯುತ್ತಾನೆ. ಕೆಲಸ ಕೊಟ್ಟ ಡೆಕ್ಸ್ ಬೆನ್ನಿಗೆ ಚೂರಿ ಹಾಕುತ್ತಾನೆ, ನಾಯಕನ ತಲೆಗೇ ಗುಂಡು ಹೊಡೆಯುತ್ತಾನೆ. ಗೇಮ್ ಆಡಿದವರಿಗೆ ಗೊತ್ತು, ಮೊದಲ ಅಂಕದ ಅಷ್ಟೂ ಗಂಟೆಗಳು ಕಟ್ಟುವುದು ಇದೊಂದೇ ಏಟಿಗಾಗಿ. ಜ್ಯಾಕಿಯ ಜೊತೆ ನೂಡಲ್ಸ್ ತಿನ್ನುತ್ತೀರಿ, ಅವನ ಕನಸು ಕೇಳುತ್ತೀರಿ, ಅವನು ನಿಮ್ಮವನಾಗುತ್ತಾನೆ, ಆಮೇಲೆ ಹೋಗುತ್ತಾನೆ. ಆ ಹೋಗುವುದನ್ನು ನೀವು ಬಿಡುಗಡೆಗೆ ಸರಿಯಾಗಿ ಹದಿನೆಂಟು ತಿಂಗಳ ಮೊದಲೇ ಇಡೀ ಲೋಕಕ್ಕೆ ತೋರಿಸಿಬಿಟ್ಟಿರಿ.

ಅದೇ ಗೇಮಿನಲ್ಲಿ ನೀವು ತೋರಿಸದೇ ಉಳಿಸಿಕೊಂಡದ್ದು ಯಾವುದು? ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎಂಬ, ಟಿ.ವಿ.ಗೆ ಜೋಡಿಸಿ ಆಡುವ ಹಳೆಯ ಕನ್ಸೋಲ್‌ಗಳಲ್ಲಿ ಅದು ಹೇಗೆ ಓಡುತ್ತದೆ ಎಂಬುದು. 2020ರ ಡಿಸೆಂಬರ್‌ನಲ್ಲಿ ವಿಮರ್ಶಕರಿಗೆ ಮೊದಲು ಕೊಟ್ಟದ್ದು ಪಿ.ಸಿ. ಪ್ರತಿ ಮಾತ್ರ. ವಿಡಿಯೋ ವಿಮರ್ಶೆಯಲ್ಲಿ ತಾವೇ ಆಡಿ ರೆಕಾರ್ಡ್ ಮಾಡಿದ ದೃಶ್ಯ ಹಾಕುವಂತಿಲ್ಲ, ನೀವು ಕೊಟ್ಟದ್ದನ್ನೇ ಹಾಕಬೇಕು ಎಂಬ ಷರತ್ತು ಬೇರೆ. ಬಿಡುಗಡೆಗೆ ಕೆಲವೇ ವಾರ ಮುಂಚೆ ಹೂಡಿಕೆದಾರರ ಸಭೆಯಲ್ಲಿ, ಹಳೆಯ ಕನ್ಸೋಲ್‌ಗಳಲ್ಲಿ ಗೇಮ್ ಅಚ್ಚರಿಯಾಗುವಷ್ಟು ಚೆನ್ನಾಗಿ ಓಡುತ್ತಿದೆ ಎಂಬ ಅರ್ಥದ ಮಾತು ನಿಮ್ಮ ಆಗಿನ ಮುಖ್ಯಸ್ಥರಿಂದಲೇ ಬಂತು. ಇದನ್ನೆಲ್ಲ ನಂಬಿ ಮುಂಗಡ ದುಡ್ಡು ಕಟ್ಟಿದವರು 80 ಲಕ್ಷ ಮಂದಿ. ಡಿಸೆಂಬರ್ 10ಕ್ಕೆ ಗೇಮ್ ಬಂತು. ಒಂದು ವಾರ ಕಳೆಯುತ್ತಿದ್ದಂತೆ ಪ್ಲೇಸ್ಟೇಷನ್‌ನ ಒಡೆಯ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ಎತ್ತಿಹಾಕಿತು. ಮತ್ತೆ ಒಳಗೆ ಬಿಟ್ಟುಕೊಂಡದ್ದು 2021ರ ಜೂನ್ 21ಕ್ಕೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಮುಚ್ಚಿಡಬೇಕಾದ್ದನ್ನು ಬಿಚ್ಚಿದಿರಿ, ಬಿಚ್ಚಬೇಕಾದ್ದನ್ನು ಮುಚ್ಚಿದಿರಿ. ನೀವೊಬ್ಬರೇ ಅಲ್ಲ, ರೋಲ್ ಪ್ಲೇಯಿಂಗ್ ಗೇಮ್ (ಆರ್‌ಪಿಜಿ, ಆಡುವವನೇ ಒಂದು ಪಾತ್ರವಾಗಿ ಕಥೆಯೊಳಗೆ ಬದುಕುವ ಗೇಮ್) ಮಾಡುವ ಬಹುತೇಕರ ಲೆಕ್ಕ ಹೀಗೇ ತಲೆಕೆಳಗಾಗಿದೆ. 'ಎಷ್ಟು ತೋರಿಸಬೇಕು' ಎಂದು ಜನ ವರ್ಷಗಟ್ಟಲೆ ಜಗಳ ಆಡುತ್ತಾರೆ, ಒಬ್ಬರಿಗೆ ಜಾಸ್ತಿ ಆಯಿತು, ಇನ್ನೊಬ್ಬರಿಗೆ ಸಾಲದು. ನನಗೆ ಪ್ರಮಾಣದ ಚಿಂತೆ ಇಲ್ಲ. ಕಥೆ ನಿಮ್ಮದು, ಅದನ್ನು ಎಷ್ಟು ಬೇಕಾದರೂ ಬಚ್ಚಿಡಿ. ಆದರೆ ಗೇಮಿನ ಸ್ಥಿತಿ ಎಂಬುದು ದುಡ್ಡು ಕೊಡುವವನ ವಿಷಯ.

ನಮ್ಮ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದಾಗಿ ಹೇಳಬೇಕಾದ ಮಾತಲ್ಲ. ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ಮೇಳದ ಪೋಸ್ಟರ್ ಇರುತ್ತದೆ. ಯಾವ ಪ್ರಸಂಗ, ಯಾವ ಜಾಗ, ಎಷ್ಟು ಹೊತ್ತಿಗೆ, ಭಾಗವತರು ಯಾರು, ಚೆಂಡೆಗೆ ಯಾರು, ಕೌರವ ಯಾರು, ಭೀಮ ಯಾರು, ಟಿಕೆಟ್ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಕರ್ಣ ಸಾಯುತ್ತಾನೆ ಎಂದು ಅದರಲ್ಲಿ ಬರೆದಿರುವುದಿಲ್ಲ, ಬರೆಯುವ ಅಗತ್ಯವೂ ಇಲ್ಲ, ಊರಿಗೆಲ್ಲ ಗೊತ್ತು. ರಾತ್ರಿಯಿಡೀ ಕೂತು ನೋಡುವುದು ಅವನು ಸಾಯುವ ಮೊದಲು ಏನು ಮಾತಾಡುತ್ತಾನೆ ಎಂದು, ಮತ್ತು ಆ ಮಾತು ರಂಗಸ್ಥಳಕ್ಕೆ ಬರುವ ತನಕ ಆಡುವವನಿಗೂ ಪೂರ್ತಿ ಗೊತ್ತಿರುವುದಿಲ್ಲ. (ಹಾಗಾದರೆ ಕಥೆಯ ಗುಟ್ಟು ಮೊದಲೇ ಬಿಟ್ಟುಕೊಡುವ ಸ್ಪಾಯ್ಲರ್‌ಗೆ ಯಾಕಿಷ್ಟು ಕೂಗಾಡುತ್ತೀಯ ಎಂದು ನೀವು ಕೇಳಬಹುದು. ಕರ್ಣನ ಕಥೆ ನಾವು ತೊಟ್ಟಿಲಲ್ಲೇ ಕೇಳಿದ್ದು. ಜ್ಯಾಕಿಯನ್ನು ನಾವು ಕಂಡದ್ದೇ ನಿಮ್ಮ ಟ್ರೇಲರ್‌ನಲ್ಲಿ.) ಪೋಸ್ಟರ್‌ನಲ್ಲಿ ಹೆಸರು ಹಾಕಿದ ಕಲಾವಿದರು ಆ ರಾತ್ರಿ ಬರಲಿಲ್ಲ ಎನ್ನಿ. ಆಟ ಶುರುವಾಗುವ ಮುಂಚೆ ಸಂಘಟಕರು ಮೈಕಿನಲ್ಲಿ ಹೇಳುತ್ತಾರೆ: ಇಂಥವರು ಅನಿವಾರ್ಯ ಕಾರಣದಿಂದ ಬಂದಿಲ್ಲ, ಅವರ ವೇಷವನ್ನು ಇಂಥವರು ಮಾಡುತ್ತಾರೆ, ದಯವಿಟ್ಟು ಸಹಕರಿಸಬೇಕು. ಜನ ಗೊಣಗುತ್ತಾರೆ, ಕೂತುಕೊಳ್ಳುತ್ತಾರೆ. ಹೇಳದೇ ಬೇರೆಯವರನ್ನು ರಂಗಕ್ಕೆ ಬಿಟ್ಟರೆ ಕುರ್ಚಿ ಹಾರುತ್ತವೆ.

ಆ ಮೈಕು ನಿಮ್ಮ ಬಳಿ ಇಲ್ಲ. ಸೈಬರ್‌ಪಂಕ್‌ನ 2018ರ ಟ್ರೇಲರ್ ಶುರುವಾಗುವುದೇ ಗೇಮಿನ ನಗರವಾದ ನೈಟ್ ಸಿಟಿಯ ಮೆಟ್ರೋ ರೈಲಿನೊಳಗೆ. ಅದೇ ವರ್ಷ ಆಗಸ್ಟ್ 27ರಂದು 48 ನಿಮಿಷದ ಆಟದ ದೃಶ್ಯ ಬಿಟ್ಟಿರಿ. ಅದರಲ್ಲಿ ನಾಯಕಿ (ಗಂಡೋ ಹೆಣ್ಣೋ ಎಂಬುದು ಆಡುವವರ ಆಯ್ಕೆ) ತೋಳಿನಿಂದ ಕತ್ತಿ ಚಾಚಿ ಗೋಡೆಗೆ ಅಂಟಿಕೊಳ್ಳುತ್ತಾಳೆ. ಇದು ಇನ್ನೂ ಕೆಲಸ ನಡೆಯುತ್ತಿರುವ ಗೇಮ್, ಬದಲಾಗಬಹುದು ಎಂದು ನೀವು ಎಚ್ಚರಿಸಿದ್ದಿರಿ, ನಿಜ. ಗೋಡೆ ಹತ್ತುವುದನ್ನು ತೆಗೆದುಹಾಕಿದ್ದು ನಮಗೆ ಗೊತ್ತಾದದ್ದು 2020ರಲ್ಲಿ, ಯಾವುದೋ ಸಂದರ್ಶನದ ನಡುವೆ ಬಂದ ಒಂದು ಸಾಲಿನಿಂದ. ಮೆಟ್ರೋ ಹತ್ತಿ ಕೂರುವ ಭಾಗ್ಯ ಬಂದದ್ದು 2023ರ ಡಿಸೆಂಬರ್‌ನ 2.1 ಪ್ಯಾಚ್‌ನಲ್ಲಿ (ಬಿಡುಗಡೆಯ ನಂತರ ಕೊಡುವ ತಿದ್ದುಪಡಿ), ಟ್ರೇಲರ್ ಬಂದ ಐದೂವರೆ ವರ್ಷಕ್ಕೆ. ಗೇಮ್ ಮಾಡುವಾಗ ಎಷ್ಟೋ ಕೈಬಿಡಬೇಕಾಗುತ್ತದೆ, ಅದು ತಪ್ಪಲ್ಲ. ಸೇರಿಸಿದ್ದನ್ನು ಡೋಲು ಬಡಿದು ಹೇಳಿ, ತೆಗೆದದ್ದನ್ನು ಹಿತ್ತಿಲ ಬಾಗಿಲಲ್ಲಿ ಪಿಸುಗುಟ್ಟುವುದು ತಪ್ಪು. ಟ್ರೇಲರ್ ಹಾಕಿದ ಅದೇ ಚಾನೆಲ್‌ನಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, 'ಇದನ್ನು ತೋರಿಸಿದ್ದೆವು, ಇದು ಈಗ ಇಲ್ಲ' ಎಂದು ಎರಡು ನಿಮಿಷದ ವಿಡಿಯೋ ಹಾಕಲು ಏನು ಖರ್ಚು? ಬಿಡುಗಡೆ ಮುಂದೂಡಿದಾಗಲೆಲ್ಲ ಹಳದಿ ಹಿನ್ನೆಲೆಯ ಚೀಟಿ ಹಾಕುತ್ತಿದ್ದಿರಲ್ಲ, ಏಪ್ರಿಲ್ ಹೋಗಿ ಸೆಪ್ಟೆಂಬರ್, ಸೆಪ್ಟೆಂಬರ್ ಹೋಗಿ ನವೆಂಬರ್, ನವೆಂಬರ್ ಹೋಗಿ ಡಿಸೆಂಬರ್ ಎಂದು. ಅಂಥದ್ದೇ ಒಂದು ಚೀಟಿ ಸಾಕಿತ್ತು.

ಈ ವಿಷಯದಲ್ಲಿ ನಿಮಗಿಂತ ಹಿರಿಯರೊಬ್ಬರಿದ್ದಾರೆ. 2004ರಲ್ಲಿ 'ಫೇಬಲ್' ಬಿಡುಗಡೆಯಾದ ಮೇಲೆ ಅದರ ರೂವಾರಿ ಪೀಟರ್ ಮಾಲಿನ್ಯೂ ಆಟಗಾರರಿಗೆ ಒಂದು ಬಹಿರಂಗ ಪತ್ರ ಬರೆದು ಕ್ಷಮೆ ಕೇಳಿದರು. ಬೀಜ ಬಿದ್ದರೆ ಕಾಲ ಕಳೆದಂತೆ ಮರವಾಗುವ ಲೋಕವೊಂದರ ಆಸೆ ಹುಟ್ಟಿಸಿದ್ದರು, ಆ ಮರ ಗೇಮಿನಲ್ಲಿ ಬೆಳೆಯಲಿಲ್ಲ. ಆ ಪತ್ರದ ಬಗ್ಗೆ ನನಗೆ ಗೌರವವಿದೆ. ಆಮೇಲೂ ಅವರು ಹೊಸ ಹೊಸ ಮರಗಳನ್ನು ಮಾತಲ್ಲೇ ನೆಡುತ್ತ ಹೋದರು ಎಂಬುದು ಬೇರೆ ಕಥೆ.

ಸ್ಥಿತಿ ತೋರಿಸಿ ಎಂದು ನಾನು ಇಷ್ಟು ಹಟ ಹಿಡಿಯಲು ಸ್ವಂತದ ಒಂದು ಕಾರಣವಿದೆ. ಅದು ನಿಮ್ಮ ಗೇಮ್ ಅಲ್ಲ, ಹೆಸರು ಬೇಡ. ದೊಡ್ಡ ಆರ್‌ಪಿಜಿ, ಸುಮಾರು ಮೂರು ಸಾವಿರ ರೂಪಾಯಿ, ನಾನು ಮುಂಗಡವಾಗಿಯೇ ಕೊಂಡೆ. ಕನಿಷ್ಠ ಬೇಕಾದ ಗ್ರಾಫಿಕ್ಸ್ ಕಾರ್ಡ್‌ನ ಪಟ್ಟಿಯಲ್ಲಿ ನನ್ನ ಲ್ಯಾಪ್‌ಟಾಪ್‌ನದ್ದೂ ಇತ್ತು. ಜುಲೈ ತಿಂಗಳು, ಶುಕ್ರವಾರ ರಾತ್ರಿ ಡೌನ್‌ಲೋಡ್‌ಗೆ ಹಾಕಿದ್ದು. ನಡುವೆ ಎರಡು ಸಲ ಮರ ಬಿದ್ದು ಕರೆಂಟ್ ಹೋಗಿ, ಅದು ಮುಗಿದದ್ದು ಸೋಮವಾರ ಸಂಜೆ. ಚಿಕ್ಕಪ್ಪನ ಮಗ ಬಂದು ಪಕ್ಕ ಕೂತ. "ಅಣ್ಣಾ, ಮೂಗು ಸ್ವಲ್ಪ ಚಪ್ಪಟೆ ಮಾಡು, ನಮ್ಮ ಅಜ್ಜನ ಥರ" ಎಂದು ಶುರು ಮಾಡಿದವನು ನಾಯಕನ ಮುಖ ತಿದ್ದುವುದರಲ್ಲೇ ಮುಕ್ಕಾಲು ಗಂಟೆ ಕಳೆದ. ಆಮೇಲೆ ಪೀಠಿಕೆ. ಒಂದು ಗುಹೆ, ಒಂದು ಸೆರೆಮನೆ, ಒಬ್ಬ ಮುದುಕನ ಉಪದೇಶ, ಎಲ್ಲ ನಯವಾಗಿ ಓಡಿತು. ನಾಲ್ಕನೇ ಗಂಟೆಗೆ ದೊಡ್ಡ ಪಟ್ಟಣದ ಬಾಗಿಲು ತೆರೆಯಿತು ನೋಡಿ, ಗೇಮ್ ಕೆಸರಲ್ಲಿ ಹೂತ ಎತ್ತಿನ ಗಾಡಿಯಾಯಿತು. ಹೆಜ್ಜೆ ಇಟ್ಟರೆ ನಿಲ್ಲುತ್ತದೆ, ತಿರುಗಿದರೆ ನಿಲ್ಲುತ್ತದೆ. ಚಿಕ್ಕಪ್ಪನ ಮಗ ಎದ್ದು ಕಾಫಿ ಕುಡಿಯಲು ಹೋದ.

ಪಿ.ಸಿ. ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ 2015ರಿಂದ ಒಂದು ನಿಯಮವಿದೆ. ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆ ಮೀರದಿದ್ದರೆ ದುಡ್ಡು ವಾಪಸ್ ಕೇಳಬಹುದು. ಒಳ್ಳೆಯ ನಿಯಮವೇ. ಸಣ್ಣ ಗೇಮ್‌ಗಳಲ್ಲಿ ಎರಡು ಗಂಟೆಗೆ ಅರ್ಧ ಊಟ ಮುಗಿದಿರುತ್ತದೆ. ಆರ್‌ಪಿಜಿಯಲ್ಲಿ ಎಲೆ ಹಾಕಿ ಉಪ್ಪು ಬಡಿಸಿರುತ್ತಾರೆ ಅಷ್ಟೇ. ಮುಖ ತಿದ್ದಿ, ಪೀಠಿಕೆ ಮುಗಿಸುವಷ್ಟರಲ್ಲಿ ಆ ಅವಧಿ ದಾಟಿರುತ್ತದೆ. ಹಾಗಾಗಿ ಬೇರೆ ಯಾವ ಬಗೆಯ ಗೇಮ್‌ಗಿಂತ ಆರ್‌ಪಿಜಿ ಮಾಡುವವರು ಮೊದಲೇ ಹೆಚ್ಚು ತೋರಿಸಬೇಕು. ಯಾವುದನ್ನು ಎಂದರೆ, ಅತಿ ಭಾರದ ಜಾಗವನ್ನು. ಜನ ಕಿಕ್ಕಿರಿದ ಪಟ್ಟಣ, ಮಳೆ, ರಾತ್ರಿ, ಬೆಂಕಿ. ಅದನ್ನು ನೀವು ಮಾರುವ ಯಂತ್ರಗಳಲ್ಲೆಲ್ಲ ಅತ್ಯಂತ ದುರ್ಬಲವಾದದ್ದರಲ್ಲಿ ಓಡಿಸಿ, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆ ಎಂಬ ಲೆಕ್ಕ) ಮೂಲೆಯಲ್ಲಿ ಕಾಣುವ ಹಾಗೆ ತೋರಿಸಿ. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಎತ್ತಿನ ಚಿತ್ರಪಟ ತೋರಿಸಿ ಯಾರೂ ದುಡ್ಡು ಕೇಳುವುದಿಲ್ಲ.

ಇದು ಆಗದ ಕೆಲಸವೇನಲ್ಲ. ಬೆಲ್ಜಿಯಂನ ಲೇರಿಯನ್ ಸ್ಟುಡಿಯೋ 2020ರ ಅಕ್ಟೋಬರ್ 6ರಂದು 'ಬಾಲ್ಡರ್ಸ್ ಗೇಟ್ 3'ರ ಮೊದಲ ಅಂಕವನ್ನು ಅರ್ಲಿ ಆಕ್ಸೆಸ್‌ನಲ್ಲಿ, ಎಂದರೆ ಗೇಮ್ ಮುಗಿಯುವ ಮುಂಚೆಯೇ ಮಾರುವ ಪದ್ಧತಿಯಲ್ಲಿ, ಜನರ ಕೈಗೇ ಕೊಟ್ಟಿತು. ಇದು ಅರೆಬೆಂದದ್ದು, ಪೂರ್ತಿ ಬೆಂದದ್ದು ಬೇಕಿದ್ದವರು ಕಾಯಿರಿ ಎಂದೂ ಹೇಳಿತು. ಮೂರು ವರ್ಷಕ್ಕೆ ಹತ್ತಿರ ಜನ ಆ ಒಂದೇ ಅಂಕವನ್ನು ತಿರುಗಿಸಿ ತಿರುಗಿಸಿ ಆಡಿದರು, ಬೈದರು, ತಿದ್ದಿಸಿದರು. ಕಥೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ 2023ರ ಆಗಸ್ಟ್ 3ರವರೆಗೂ ಪರದೆಯ ಹಿಂದೆಯೇ ಇತ್ತು. ಅದರಲ್ಲೂ ಹುಳುಕಿಲ್ಲದೇ ಇಲ್ಲ. ಜನ ಉಜ್ಜಿ ಉಜ್ಜಿ ಮೊದಲ ಅಂಕ ಹೊಳೆಯಿತು, ಯಾರೂ ಮುಟ್ಟದ ಮೂರನೆಯ ಅಂಕ ಬಂದಾಗ ಸಾಕಷ್ಟು ಒರಟಾಗಿತ್ತು, ಪಟ್ಟಣಕ್ಕೆ ಕಾಲಿಟ್ಟ ಕೂಡಲೇ ಎಷ್ಟೋ ಯಂತ್ರಗಳು ಏದುಸಿರು ಬಿಟ್ಟವು. ಭಾರದ ಜಾಗವನ್ನು ತೋರಿಸಿ ಎಂದು ನಾನು ಹೇಳುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ತುದಿಯಲ್ಲಿ 'ಎಲ್ಡನ್ ರಿಂಗ್' ಎಂಬ ಆರ್‌ಪಿಜಿ. 2019ರ ಜೂನ್‌ನಲ್ಲಿ ಹೆಸರು ಹೇಳಿ ಎರಡು ವರ್ಷ ಬಾಯಿ ಮುಚ್ಚಿಕೊಂಡರು. ಅಭಿಮಾನಿಗಳಿಗೆ ಹುಚ್ಚೇ ಹಿಡಿಯಿತು, ಇಲ್ಲದ ರಾಕ್ಷಸರನ್ನೂ ಇಲ್ಲದ ಪುರಾಣವನ್ನೂ ತಾವೇ ಕಟ್ಟಿಕೊಂಡು ಕೂತರು. ಆದರೆ 2021ರ ನವೆಂಬರ್‌ನಲ್ಲಿ ಆಯ್ದ ಆಟಗಾರರಿಗೆ ಗೇಮಿನ ಒಂದು ತುಂಡನ್ನು ಆಡಲು ಬಿಟ್ಟು, ಮೂರೇ ತಿಂಗಳಲ್ಲಿ ಪೂರ್ತಿ ಗೇಮ್ ಕೊಟ್ಟರು. ಮೌನ ಅಪರಾಧವಲ್ಲ. ಕೈಯಲ್ಲಿ ಏನೂ ಇಲ್ಲದೇ ಮಾತಾಡುವುದು ಅಪರಾಧ. 'ದಿ ಎಲ್ಡರ್ ಸ್ಕ್ರೋಲ್ಸ್ 6' ಎಂದು 2018ರಲ್ಲಿ ಒಂದು ಬೆಟ್ಟದ ಸಾಲು, ಒಂದು ಹೆಸರು ತೋರಿಸಿದರು, ಅರ್ಧ ನಿಮಿಷದ ಚಿಲ್ಲರೆ. ಆಗ ಪಿಯುಸಿ ಓದುತ್ತಿದ್ದವರಿಗೆ ಈಗ ಮಕ್ಕಳಾಗಿವೆ. 'ಫೈನಲ್ ಫ್ಯಾಂಟಸಿ ವರ್ಸಸ್ 13' 2006ರಲ್ಲಿ ಘೋಷಣೆಯಾಗಿ, ಹೆಸರು ಬದಲಾಗಿ, 15 ಆಗಿ ಬಂದದ್ದು 2016ಕ್ಕೆ. ನಿಮ್ಮ ಸೈಬರ್‌ಪಂಕ್ ಕೂಡ 2012ರ ಕೂಸು ಎಂದು ನೆನಪಿಸಬೇಕಿಲ್ಲ ತಾನೇ?

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ, ಅದರಲ್ಲಿ ವಾದಕ್ಕೆ ಜಾಗವೇ ಇಲ್ಲ. 2024ರ ಮಾರ್ಚ್ 22ರಂದು 'ಡ್ರ್ಯಾಗನ್ಸ್ ಡಾಗ್ಮಾ 2' ಬಂದ ದಿನವೇ, ಗೇಮ್ ಕೊಂಡ ಮೇಲೂ ಬಿಡಿಬಿಡಿಯಾಗಿ ದುಡ್ಡು ಕೊಟ್ಟು ಕೊಳ್ಳುವ ಸಾಮಾನುಗಳ ಸಾಲು ಅಂಗಡಿಯಲ್ಲಿ ಪ್ರತ್ಯಕ್ಷವಾಯಿತು. ವಿಮರ್ಶೆ ಓದಿ ಕೊಂಡವರಿಗೆ ಅದು ತಿಳಿದಿರಲಿಲ್ಲ, ಸಿಟ್ಟಾಗುವುದು ಸಹಜ. ಮರುವರ್ಷ 'ಬ್ಲಡ್‌ಲೈನ್ಸ್ 2'ನವರು ಆಟಗಾರ ಆರಿಸಿಕೊಳ್ಳುವ ಆರು ರಕ್ತಪಿಶಾಚಿ ಕುಲಗಳಲ್ಲಿ ಎರಡನ್ನು ದುಬಾರಿ ಆವೃತ್ತಿಗೆ ಕಟ್ಟಿಹಾಕುವ ಯೋಚನೆ ಮಾಡಿದರು. ಅದು ದುರಾಸೆಯೇ. ಆದರೆ ಆಗಸ್ಟ್‌ನಲ್ಲೇ ಬಾಯಿಬಿಟ್ಟು ಹೇಳಿದರು. ಜನ ಉಗಿದರು, ಸೆಪ್ಟೆಂಬರ್‌ನಲ್ಲಿ ಅವರು ತೀರ್ಮಾನ ಬದಲಿಸಿದರು, ಅಕ್ಟೋಬರ್‌ನಲ್ಲಿ ಎಲ್ಲ ಕುಲಗಳೂ ಎಲ್ಲರಿಗೂ ಸಿಕ್ಕವು. ಬಿಡುಗಡೆಗೆ ಮುಂಚೆ ಹೇಳಿದ್ದರಿಂದಲೇ ಅದು ತಿದ್ದುವಂಥ ತಪ್ಪಾಗಿ ಉಳಿಯಿತು.

ನಿಮ್ಮವರೇ ಆದ ಕೆಲಸಗಾರರ ಬಗ್ಗೆಯೂ ಒಂದು ಮಾತು. ಬೆಂಗಳೂರಿನಲ್ಲಿ ಹೊರದೇಶದ ಗೇಮ್‌ಗಳಿಗೆ ಚಿತ್ರ, ಮಾಡೆಲ್ ಮಾಡಿಕೊಡುವ ಸ್ಟುಡಿಯೋಗಳು ಇಪ್ಪತ್ತೈದು ವರ್ಷದಿಂದ ಇವೆ. ಪ್ರದರ್ಶನಕ್ಕೆಂದು ಮಾಡುವ ಡೆಮೊ ಎಂದರೆ ಏನೆಂದು ಅಂಥ ಕೆಲಸ ಮಾಡಿದವರನ್ನು ಕೇಳಬೇಕು. ಗೇಮಿನ ಕೆಲಸ ಪಕ್ಕಕ್ಕಿಟ್ಟು, ಹತ್ತು ನಿಮಿಷದ ತುಂಡೊಂದಕ್ಕೆ ತಿಂಗಳುಗಟ್ಟಲೆ ಬಣ್ಣ ಬಳಿಯುವುದು. ತಾರೀಖು ಹೇಳಿಬಿಟ್ಟ ಮೇಲೆ ಅದರ ಭಾರ ಹೊರುವವರೂ ಅವರೇ. ಒತ್ತಾಯದ ಹೆಚ್ಚುವರಿ ದುಡಿಮೆ ಇರುವುದಿಲ್ಲ ಎಂದು 2019ರಲ್ಲಿ ಮಾತು ಕೊಟ್ಟ ನೀವು, 2020ರ ಶರತ್ಕಾಲದಲ್ಲಿ ವಾರಕ್ಕೆ ಆರು ದಿನದ ಕೆಲಸ ಹಚ್ಚಿದಿರಿ. ಗೇಮ್ ಸಿದ್ಧವಾಗಿ ಅಚ್ಚಿಗೆ ಹೋಯಿತು ಎಂದು ಅಕ್ಟೋಬರ್ 5ಕ್ಕೆ ಸಾರಿದಿರಿ, ಅದೇ ತಿಂಗಳ 27ಕ್ಕೆ ಮತ್ತೆ ಮುಂದೂಡಿದಿರಿ.

'ಕೊನೆಗೆ ಎಲ್ಲ ಸರಿಹೋಯಿತಲ್ಲ' ಎನ್ನುವವರಿದ್ದಾರೆ. ಹೋಯಿತು, ಒಪ್ಪುತ್ತೇನೆ. 2023ರ 2.0 ಪ್ಯಾಚ್ ಆದ ಮೇಲಿನ ಸೈಬರ್‌ಪಂಕ್ ನನ್ನ ಅಚ್ಚುಮೆಚ್ಚಿನ ಗೇಮ್‌ಗಳಲ್ಲೊಂದು. ಇನ್ನೂ ಮೆಚ್ಚುವ ವಿಷಯವೆಂದರೆ ಆ ಹೊತ್ತಿಗೆ ನೀವು ಹೇಳುವುದನ್ನು ಕಲಿತಿದ್ದಿರಿ. ಸೈಬರ್‌ಪಂಕ್‌ನ ಮುಂದುವರಿದ ಭಾಗ 'ಫ್ಯಾಂಟಮ್ ಲಿಬರ್ಟಿ' ಹಳೆಯ ಕನ್ಸೋಲ್‌ಗಳಿಗೆ ಬರುವುದಿಲ್ಲ ಎಂದು ಒಂದು ವರ್ಷ ಮೊದಲೇ ತಿಳಿಸಿದಿರಿ. ಪಿ.ಸಿ.ಗೆ ಇನ್ನು ಮುಂದೆ ಎಸ್‌ಎಸ್‌ಡಿ (ವೇಗದ ಡಿಸ್ಕ್) ಬೇಕೇ ಬೇಕು ಎಂದು ಮೂರು ತಿಂಗಳ ಮುಂಚೆ ಪಟ್ಟಿ ಹಾಕಿದಿರಿ. ನನ್ನಂಥವರು ಎಸ್.ಪಿ. ರೋಡ್‌ಗೆ ಹೋಗಿ ಚೌಕಾಸಿ ಮಾಡಲು ಅಷ್ಟು ಸಮಯ ಬೇಕಾಗುತ್ತದೆ. ಕೊಳ್ಳಲಾಗದವರು ಬೇಜಾರಾದರು, ಮೋಸವಾಯಿತು ಎನ್ನಲಿಲ್ಲ. ಮತ್ತೆ 2025ರ ವಿಚರ್ ಡೆಮೊವನ್ನು ಮಾಮೂಲಿ ಪ್ಲೇಸ್ಟೇಷನ್ 5ರಲ್ಲೇ ಓಡಿಸಿ, ಇದು ತಾಂತ್ರಿಕ ಪ್ರದರ್ಶನವೇ ಹೊರತು ಗೇಮ್ ಅಲ್ಲ ಎಂದಿರಿ. ಕಡಿಮೆ ಶಕ್ತಿಯ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ ತರುವುದು ತುಂಬಾ ಕಷ್ಟ ಎಂದು ನಿಮ್ಮ ತಂತ್ರಜ್ಞಾನದ ಮುಖ್ಯಸ್ಥರು ಮುಚ್ಚುಮರೆ ಇಲ್ಲದೇ ಹೇಳಿದರು. ಅದು 2020ರಲ್ಲಿ ಯಾರ ಬಾಯಿಂದಲೂ ಬರದಿದ್ದ ಮಾತು.

ಹಾಗಾಗಿ ದೂರಿಗಿಂತ ಬೇಡಿಕೆಯೇ ಜಾಸ್ತಿ ಎಂದುಕೊಳ್ಳಿ. ವಿಮರ್ಶಕರಿಗೆ ಪ್ರತಿ ಕೊಡುವಾಗ ಎಲ್ಲ ಯಂತ್ರಗಳದ್ದೂ ಒಂದೇ ದಿನ ಕೊಡಿ, ಅವರದ್ದೇ ದೃಶ್ಯ ಹಾಕಲು ಬಿಡಿ. ಅಲ್ಲಿಯವರೆಗೆ ಮುಂಗಡ ಮಾರಾಟ ತೆರೆಯಬೇಡಿ. ಸಿರಿ ಯಾರನ್ನು ಕಳೆದುಕೊಳ್ಳುತ್ತಾಳೆ, ಯಾರನ್ನು ಕೊಲ್ಲುತ್ತಾಳೆ, ಹಿಂದಿನ ಗೇಮ್‌ಗಳ ನಾಯಕ ಗೆರಾಲ್ಟ್ ಯಾವ ಬಾಗಿಲಿನಿಂದ ಒಳಗೆ ಬರುತ್ತಾನೆ, ಇದ್ಯಾವುದೂ ನಮಗೆ ಬೇಡ. ಟ್ರೇಲರ್‌ಗೆ ಕಥೆ ಬೇಕೇ ಬೇಕೆಂದರೆ ಆರು ನಿಮಿಷದಲ್ಲಿ ಶುರುವಾಗಿ ಅಲ್ಲೇ ಮುಗಿಯುವ ಬಿಡಿ ಕಥೆ ಹೇಳಿ. 2013ರಲ್ಲಿ ಮೂರನೆಯ ವಿಚರ್‌ಗೆ ಹಾಗೆಯೇ ಮಾಡಿದ್ದಿರಿ. ಹಳ್ಳಿಯ ಹುಡುಗಿಯನ್ನು ದೈತ್ಯನಿಗೆ ಬಲಿ ಕೊಡುವ ಈ ಸಲದ್ದೂ ಅದೇ ಜಾತಿಯದು, ಅಷ್ಟಕ್ಕೇ ನಿಲ್ಲಿಸಿ.

ಇನ್ನೊಂದು ಸಣ್ಣ ವಿಷಯ. ಡೌನ್‌ಲೋಡ್ ಎಷ್ಟು ಜಿಬಿ ಎಂದು ಒಂದು ತಿಂಗಳ ಮೊದಲೇ ಹೇಳಿ, ಒಂದು ವಾರ ಮೊದಲೇ ಇಳಿಸಿಕೊಳ್ಳಲು ಬಿಡಿ. ಬಿಡುಗಡೆ ಜೂನ್ ಜುಲೈನಲ್ಲಿ ಮಾತ್ರ ಬೇಡ. ಆಗ ನಮ್ಮಲ್ಲಿ ಆಗುಂಬೆಯ ಮಳೆ, ಮರ ಯಾವಾಗ ತಂತಿಯ ಮೇಲೆ ಬೀಳುತ್ತದೆ ಎಂದು ಮೆಸ್ಕಾಂನವರಿಗೂ ಗೊತ್ತಿರುವುದಿಲ್ಲ.

ಇತಿ,
ಮೂರನೆಯ ವಿಚರ್ ಅನ್ನು ಎರಡು ಸಲ ಮುಗಿಸಿದ,
ನಾಲ್ಕನೆಯದಕ್ಕೆ ಇನ್ನೂ ದುಡ್ಡು ಕಟ್ಟದ ಒಬ್ಬ ಆಟಗಾರ